ಎಲ್ಲರೂ "ತಿಳೀತ್ರೀ" ಅಂತಾರೆ, ಮರುದಿನ ಕೇಳಿದರೆ ಬರಲ್ಲ. ಪಾಠ ಮಕ್ಕಳಿಗೆ ಹತ್ತಬೇಕಾದರೆ ಏನು ಮಾಡಬೇಕು?

ಕೊಪ್ಪಳದ_ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಇದು ಎರಡನೇ ವರ್ಷ. ಆರನೇ ಕ್ಲಾಸಿಗೆ ಗಣಿತ ತೆಗೆದುಕೊಳ್ಳುತ್ತೇನೆ, 34 ಮಕ್ಕಳಿದ್ದಾರೆ. ಒಳ್ಳೆಯ ಮಕ್ಕಳು, ಗಲಾಟೆ ಇಲ್ಲ, ಹೇಳಿದ್ದು ಬರೆದುಕೊಳ್ಳುತ್ತಾರೆ.

ಹೋದ ವಾರ ಭಿನ್ನರಾಶಿ ಕೂಡುವುದು ಮಾಡಿದೆ. ಬೋರ್ಡ್ ಮೇಲೆ 1/2 + 1/3 ಬರೆದೆ, ಲ.ಸಾ.ಅ. (2, 3 ಎರಡರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 6 ಅಂತ ತೋರಿಸಿದೆ, 3/6 + 2/6 ಮಾಡಿದೆ, ಉತ್ತರ 5/6. ಇನ್ನೂ ನಾಲ್ಕು ಲೆಕ್ಕ ನಾನೇ ಬಿಡಿಸಿದೆ. "ತಿಳೀತೇನು?" ಅಂದೆ. ಇಡೀ ಕ್ಲಾಸು ಒಂದೇ ದನಿಯಲ್ಲಿ "ತಿಳೀತ್ರೀ ಟೀಚರ್" ಅಂದಿತು. ಆ ದಿನ ಮನೆಗೆ ಹೋಗುವಾಗ ನಿಜವಾಗಿ ಖುಷಿಯಿಂದ ಹೋದೆ. ಮರುದಿನ ಅದೇ ಲೆಕ್ಕ, 1/2 + 1/3, ಕೊಟ್ಟರೆ ಅರ್ಧಕ್ಕಿಂತ ಜಾಸ್ತಿ ಮಕ್ಕಳು 2/5 ಅಂತ ಬರೆದಿದ್ದಾರೆ. ಮೇಲಿನದು ಮೇಲಿನದಕ್ಕೆ ಕೂಡಿಸಿ, ಕೆಳಗಿನದು ಕೆಳಗಿನದಕ್ಕೆ ಕೂಡಿಸಿ.

ಮತ್ತೆ ಹೇಳಿಕೊಟ್ಟೆ. ಮತ್ತೆ "ತಿಳೀತ್ರೀ". ಎರಡು ದಿನ ಬಿಟ್ಟು ಕೇಳಿದರೆ ಮತ್ತೆ 2/5. ನಾನು ಮನೆಯಲ್ಲಿ ಪಾಠ ಬರೆದುಕೊಂಡು ಹೋಗುತ್ತೇನೆ, ಯೂಟ್ಯೂಬಿನಲ್ಲಿ ವಿಡಿಯೋ ನೋಡಿ ಹೋಗುತ್ತೇನೆ, ಆದರೂ ಹೀಗೆ. ಅನುಭವ ಇರುವವರು ಹೇಳಿ, ಎಲ್ಲಿ ತಪ್ಪುತ್ತಿದ್ದೇನೆ?

ಹಳೇ_ಗಣಿತ_ಮೇಷ್ಟ್ರು (ತುಮಕೂರು, ನಿವೃತ್ತ):

ಮೇಡಂ, ನೀವು ಮರುದಿನ ಕೇಳಿದಿರಲ್ಲ, ಅದೇ ಅರ್ಧ ಕೆಲಸ. ಎಷ್ಟೋ ಜನ ಕೇಳುವುದೇ ಇಲ್ಲ, ಪರೀಕ್ಷೆ ಪೇಪರ್ ತಿದ್ದುವಾಗ ಗೊತ್ತಾಗುತ್ತದೆ. ಅಷ್ಟೊತ್ತಿಗೆ ಪಾಠ ಮುಂದೆ ಹೋಗಿರುತ್ತದೆ.

"ತಿಳೀತೇನು" ಅಂತ ಕೇಳುವುದನ್ನು ನಾಳೆಯಿಂದ ಬಿಟ್ಟುಬಿಡಿ. ಅದಕ್ಕೆ ಮಕ್ಕಳು "ಇಲ್ಲ" ಅನ್ನಲ್ಲ. ನಾಚಿಕೆ ಒಂದು ಕಡೆ, ಟೀಚರ್ ಬೇಜಾರು ಮಾಡಿಕೊಂಡಾರು ಅನ್ನುವುದು ಇನ್ನೊಂದು ಕಡೆ. ಎಲ್ಲಕ್ಕಿಂತ ಹೆಚ್ಚಾಗಿ, ತನಗೆ ತಿಳಿದಿಲ್ಲ ಅನ್ನುವುದು ಮಗುವಿಗೇ ಗೊತ್ತಿರುವುದಿಲ್ಲ. ನೀವು ಬಿಡಿಸುತ್ತಾ ಹೋದರೆ ನೋಡುವವರಿಗೆ ಸಲೀಸು ಅನ್ನಿಸುತ್ತದೆ. ಈಜುವವರನ್ನು ದಡದಲ್ಲಿ ಕೂತು ನೋಡಿದ ಹಾಗೆ.

ಈಗ ಆ 2/5 ವಿಷಯ. ಅದನ್ನು ಬರೀ ತಪ್ಪು ಅಂತ ನೋಡಬೇಡಿ, ಅದಕ್ಕೊಂದು ಕಾರಣ ಇದೆ. ಐದು ವರ್ಷದಿಂದ ಆ ಮಗು ಸಂಖ್ಯೆ ಕಂಡರೆ ಕೂಡುತ್ತಾ ಬಂದಿದೆ. ಅದಕ್ಕೆ 1/2 ಅನ್ನುವುದು ಒಂದು ಸಂಖ್ಯೆಯಲ್ಲ, ಗೆರೆಯ ಮೇಲೊಂದು ಕೆಳಗೊಂದು, ಎರಡು ಸಂಖ್ಯೆ. ಬೇಕಾದರೆ 1/3 ದೊಡ್ಡದೋ 1/4 ದೊಡ್ಡದೋ ಅಂತ ಕೇಳಿ ನೋಡಿ. ಬಹಳ ಮಕ್ಕಳು 1/4 ಅನ್ನುತ್ತಾರೆ, ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ. ಅದೇ ಮಗುವನ್ನು ಅಂಗಡಿಗೆ ಕಳಿಸಿ, ಅರ್ಧ ಕೆಜಿ ಸಕ್ಕರೆ ಜಾಸ್ತಿಯೋ ಕಾಲು ಕೆಜಿ ಜಾಸ್ತಿಯೋ ಕೇಳಿ. ಯಾವತ್ತೂ ತಪ್ಪಲ್ಲ. ಅಂದರೆ ಭಿನ್ನರಾಶಿ ಮಗುವಿಗೆ ಅಂಗಡಿಯಲ್ಲಿ ಗೊತ್ತಿದೆ, ಬೋರ್ಡ್ ಮೇಲೆ ಗೊತ್ತಿಲ್ಲ. ಎರಡಕ್ಕೂ ನಂಟು ಹಾಕಿಕೊಡುವುದೇ ಪಾಠ.

ನಾನು ಮಾಡುತ್ತಿದ್ದದ್ದು ಹೀಗೆ. ಲ.ಸಾ.ಅ. ಹೆಸರೇ ಎತ್ತಬೇಡಿ. ಮೊದಲು ಕೇಳಿ: ಅರ್ಧ ರೊಟ್ಟಿ ತಿಂದೆ, ಆಮೇಲೆ ಇನ್ನೂ ಮೂರರಲ್ಲಿ ಒಂದು ಪಾಲು ತಿಂದೆ. ಒಟ್ಟು ತಿಂದದ್ದು ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ? ಎಲ್ಲರೂ ಜಾಸ್ತಿ ಅನ್ನುತ್ತಾರೆ. ಈಗ ಅವರೇ ಬರೆದ 2/5 ತೋರಿಸಿ. ಐದು ತುಂಡಿನಲ್ಲಿ ಎರಡು ಅಂದರೆ ಅರ್ಧವೂ ಇಲ್ಲ. ಅಲ್ಲಿ ಸುಮ್ಮನೆ ನಿಲ್ಲಿ, ಏನೂ ಹೇಳಬೇಡಿ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ, ಆಮೇಲೆ ಯಾರಾದರೂ ಒಬ್ಬರು "ಅದು ಹೆಂಗಾಗುತ್ತೆ?" ಅನ್ನುತ್ತಾರೆ. ಆ ಪ್ರಶ್ನೆ ಅವರ ಬಾಯಿಂದ ಬರುವ ತನಕ ನಿಮ್ಮ ಉತ್ತರಕ್ಕೆ ಬೆಲೆ ಇಲ್ಲ.

ಆಮೇಲೆ ಹಳೇ ಪೇಪರಿನ ಉದ್ದ ಪಟ್ಟಿ ಒಬ್ಬೊಬ್ಬರಿಗೆ ಒಂದು ಕೊಡಿ. ಮೂರಾಗಿ ಮಡಚಿ, ಮತ್ತೆ ಅದನ್ನೇ ಅರ್ಧಕ್ಕೆ ಮಡಚಲಿ. ಬಿಡಿಸಿದರೆ ಆರು ಮನೆ. ಅರ್ಧ ಅಂದರೆ ಮೂರು ಮನೆ, ಮೂರರಲ್ಲಿ ಒಂದು ಅಂದರೆ ಎರಡು ಮನೆ, ಸೀಸದಕಡ್ಡಿಯಿಂದ ತೀಡಲಿ. ಐದು ಮನೆ ತುಂಬಿತು, ಒಂದು ಉಳಿಯಿತು. ಅಂಶ ಅಂದರೆ ಎಷ್ಟು ತುಂಡು, ಛೇದ ಅಂದರೆ ಎಂಥ ತುಂಡು. ತುಂಡು ಒಂದೇ ಅಳತೆಯದಾದ ಮೇಲೆ ಎಣಿಸಬಹುದು, ಅಷ್ಟೇ ವಿಷಯ. ನಿಮ್ಮ ಶಾಲೆಗೆ ನಾಲ್ಕು, ಐದನೇ ಕ್ಲಾಸಿನ ಗಣಿತ ಕಿಟ್ ಬಂದಿದ್ದರೆ ಅದರಲ್ಲೂ ಭಿನ್ನರಾಶಿ ತುಂಡುಗಳಿರುತ್ತವೆ, ಬೀರು ತೆಗೆಸಿ ನೋಡಿ.

ಕಾಡಂಚಿನ_ಶಾಲೆ:

ನಾನು ಮೈಸೂರು ಜಿಲ್ಲೆಯವಳು, ನಲಿ-ಕಲಿ ತರಗತಿ ಮಾಡಿಕೊಂಡು ಬಂದಿದ್ದೇನೆ. ಸರ್ಕಾರಿ ಶಾಲೆಯ ಚಿಕ್ಕ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ ಅದು. ಮೇಷ್ಟ್ರು ಹೇಳಿದ್ದು ಗಣಿತಕ್ಕೆ ಮಾತ್ರ ಅಲ್ಲ, ಅಕ್ಷರಕ್ಕೂ ಅದೇ.

ನಲಿ-ಕಲಿ ಹುಟ್ಟಿದ್ದು 1995ರಲ್ಲಿ, ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ. ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆಯವರು ನಡೆಸುವ ಹಳ್ಳಿ ಶಾಲೆಗಳಲ್ಲಿ ಒಂದೇ ಕೋಣೆಯಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಕಾರ್ಡು ಹಿಡಿದು ಕಲಿಯುತ್ತಿದ್ದರು. ನಮ್ಮ ಕಡೆಯ ಶಿಕ್ಷಕರು ಅದನ್ನು ನೋಡಿ ಬಂದು, ಇಲ್ಲಿನ ಮಕ್ಕಳಿಗೆ ತಕ್ಕ ಹಾಗೆ ಕಾರ್ಡು ಮಾಡಿದರು. 2009-10ರಲ್ಲಿ ಇಡೀ ರಾಜ್ಯಕ್ಕೆ ಬಂತು.

ನನಗೆ ಅದರಲ್ಲಿ ಬಹಳ ಇಷ್ಟವಾದದ್ದು ಅಕ್ಷರ ಕಲಿಸುವ ಕ್ರಮ. ಅ ಆ ಇ ಈ ಅಂತ ಶುರು ಮಾಡುವುದಿಲ್ಲ. ಮೊದಲು ಐದೇ ಅಕ್ಷರ: ರ, ಗ, ಸ, ದ, ಅ. ಬರೆಯಲು ಸುಲಭ, ದುಂಡಗೆ ಕೈ ತಿರುಗಿಸಿದರೆ ಬರುತ್ತದೆ. ಈ ಐದೇ ಅಕ್ಷರದಲ್ಲಿ ಎಷ್ಟು ಪದ ನೋಡಿ: ಸರ, ದರ, ಅರಸ, ಅಗಸ, ದಸರ, ಗರಗಸ. 49 ಅಕ್ಷರ ಬಾಯಿಪಾಠ ಆಗುವ ತನಕ ಕಾಯಬೇಕಾಗಿಲ್ಲ, ಶಾಲೆಗೆ ಬಂದ ಕೆಲವೇ ವಾರದಲ್ಲಿ ಮಗು ಒಂದು ಪದ ಓದುತ್ತದೆ. ಒಂದು ಸಲ ಒಬ್ಬಳು ಪುಟ್ಟಿ ಕಾರ್ಡು ಹಿಡಿದುಕೊಂಡು "ಗ... ರ... ಗ... ಸ..." ಅಂತ ಬಿಡಿ ಬಿಡಿಯಾಗಿ ಹೇಳುತ್ತಾ ಇದ್ದವಳು, ನಾಲ್ಕನೇ ಸಲಕ್ಕೆ ತಟ್ಟನೆ ತಲೆ ಎತ್ತಿ "ಮಿಸ್, ಗರಗಸ! ನಮ್ಮಪ್ಪನ ಹತ್ರ ಐತೆ!" ಅಂದಳು. ಅವರಪ್ಪ ಮರಗೆಲಸದವರು. ಆ ಗಳಿಗೆಯಲ್ಲಿ ಆ ಮಗುವಿಗೆ ಓದು ಅಂದರೆ ಏನು ಅಂತ ಗೊತ್ತಾಯಿತು. ಅದನ್ನು ನಾನು ಹೇಳಿ ತಿಳಿಸಲು ಆಗುತ್ತಿರಲಿಲ್ಲ.

ಇನ್ನೊಂದು, ಕಲಿಕಾ ಏಣಿ. ಗೋಡೆ ಮೇಲೆ ಇರುತ್ತದೆ, ತಾನು ಎಷ್ಟನೇ ಮೆಟ್ಟಿಲಿನಲ್ಲಿದ್ದೇನೆ ಅಂತ ಮಗುವೇ ನೋಡಿಕೊಂಡು ಅದರ ಕಾರ್ಡು ಎತ್ತಿಕೊಳ್ಳುತ್ತದೆ. ಜ್ವರ ಬಂದು ಒಂದು ವಾರ ಬರಲಿಲ್ಲ ಅಂದರೂ ಬಿಟ್ಟಲ್ಲಿಂದಲೇ ಶುರು. ಕ್ಲಾಸು ಮುಂದೆ ಹೋಗಿಬಿಟ್ಟಿತು ಅನ್ನುವುದು ಇಲ್ಲ.

ಎಲ್ಲ ಚೆನ್ನಾಗಿದೆ ಅಂತಲೂ ಹೇಳಲ್ಲ. ಕಾರ್ಡು ಹರಿದುಹೋಗುತ್ತವೆ, ಕಳೆದುಹೋಗುತ್ತವೆ. ಒಬ್ಬರೇ ಟೀಚರ್ ಮೂರು ಕ್ಲಾಸಿನ ಮಕ್ಕಳನ್ನು ಒಟ್ಟಿಗೆ ನೋಡಬೇಕು, ದಾಖಲೆ ತುಂಬುವುದೇ ಒಂದು ಕೆಲಸ. ಕೆಲವು ಕಡೆ ಕಾರ್ಡು ಮುಗಿಸುವುದೇ ಪಾಠ ಆಗಿಬಿಟ್ಟಿದೆ. ಮಗು ಕಾರ್ಡು ದಾಟಿತು, ಓದಲು ಬಂತೋ ಇಲ್ಲವೋ ಯಾರೂ ನೋಡಲಿಲ್ಲ. ಅಂಥ ಕಡೆ ನಿಮ್ಮ "ತಿಳೀತ್ರೀ"ಗೂ ಇದಕ್ಕೂ ವ್ಯತ್ಯಾಸ ಇಲ್ಲ.

ಬೋರ್ಡ್_ಬಳಪ:

ಎಲ್ಲ ಓದಿದೆ, ಒಳ್ಳೆಯ ಮಾತುಗಳು. ಆದರೆ ನನ್ನ ಕ್ಲಾಸಿನಲ್ಲಿ 62 ಮಕ್ಕಳು, ಹತ್ತನೇ ತರಗತಿ, ಎಸ್ಸೆಸ್ಸೆಲ್ಸಿ. ಜನವರಿ ಒಳಗೆ ಪೋರ್ಷನ್ ಮುಗಿಸಿ ರಿವಿಷನ್ ಶುರು ಮಾಡಬೇಕು, ಫಲಿತಾಂಶ ಕಡಿಮೆಯಾದರೆ ನೋಟಿಸ್ ನಮಗೇ. ಒಂದೊಂದು ಲೆಕ್ಕಕ್ಕೆ ಪಟ್ಟಿ ಮಡಚುತ್ತಾ, ಮಕ್ಕಳು ಪ್ರಶ್ನೆ ಕೇಳಲಿ ಅಂತ ಕಾಯುತ್ತಾ ಕೂತರೆ ಜೂನ್ ತಿಂಗಳ ಪಾಠ ದಸರಾಕ್ಕೂ ಮುಗಿಯುವುದಿಲ್ಲ. ಇದು ನಿಜವಾದ ಕಷ್ಟ, ಇದಕ್ಕೂ ಯಾರಾದರೂ ಉತ್ತರ ಹೇಳಿ.

ಹಳೇ_ಗಣಿತ_ಮೇಷ್ಟ್ರು:

ಸರ್, ನಿಮ್ಮ ಕಷ್ಟ ನಾನೂ ಪಟ್ಟಿದ್ದೇನೆ. ಒಂದು ಕೆಲಸ ಮಾಡಿ. ನಾಳೆ ನಿಮ್ಮ 62 ಮಕ್ಕಳಿಗೆ ಒಂದೇ ಲೆಕ್ಕ ಕೊಡಿ, x/2 + x/3 = 5. ಹೆಸರು ಬರೆಸಬೇಡಿ, ಚೀಟಿಯಲ್ಲಿ ಬರೆದು ಕೊಡಲಿ. ಚೀಟಿ ನೋಡಿ ಇಲ್ಲಿ ಬರೆಯಿರಿ.

ಕಡಲತಡಿ_ವಿಜ್ಞಾನ:

ನಾನು ಕುಂದಾಪುರ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಮಾಡುತ್ತೇನೆ. ಕೊಪ್ಪಳದ ಟೀಚರಿಗೆ ಎರಡು ವಿಷಯ ಹೇಳಬೇಕು, ಎರಡಕ್ಕೂ ದುಡ್ಡು ಬೇಡ.

ಮೊದಲನೆಯದು ಕಾಯುವುದು. ಅಮೆರಿಕದಲ್ಲಿ ಮೇರಿ ಬಡ್ ರೋ ಅಂತ ಒಬ್ಬರು ವಿಜ್ಞಾನದ ತರಗತಿಗಳನ್ನು ಟೇಪಿನಲ್ಲಿ ಹಿಡಿದು ಕೇಳಿದರು, 1970ರ ಆಸುಪಾಸಿನ ಮಾತು. ಟೀಚರ್ ಪ್ರಶ್ನೆ ಕೇಳಿದ ಮೇಲೆ ಸಾಮಾನ್ಯವಾಗಿ ಒಂದು ಸೆಕೆಂಡು ಕಾಯುತ್ತಿದ್ದರು ಅಷ್ಟೇ. ಆಮೇಲೆ ಇನ್ನೊಬ್ಬರನ್ನು ಕೇಳುವುದು, ಇಲ್ಲ ತಾವೇ ಉತ್ತರ ಹೇಳಿಬಿಡುವುದು. ಮೂರು ಸೆಕೆಂಡು ಕಾದ ಕಡೆ ಮಕ್ಕಳ ಉತ್ತರ ಉದ್ದವಾಯಿತು, "ಗೊತ್ತಿಲ್ಲ" ಕಡಿಮೆಯಾಯಿತು, ಸುಮ್ಮನೆ ಕೂರುತ್ತಿದ್ದ ಮಕ್ಕಳೂ ಮಾತಾಡಿದರು. ಮೂರೇ ಸೆಕೆಂಡು! ನೀವು ನಾಳೆ ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ ನೋಡಿ. ಎಷ್ಟು ಉದ್ದ ಅನ್ನಿಸುತ್ತದೆ ಅಂದರೆ, ಬಾಯಿ ತಡೆದುಕೊಳ್ಳುವುದೇ ಕಷ್ಟ.

ಎರಡನೆಯದು, ನೆನಪಿನಿಂದ ತೆಗೆಸುವುದು. ರೋಡಿಗರ್, ಕಾರ್ಪಿಕಿ ಅಂತ ಇಬ್ಬರು 2006ರಲ್ಲಿ ಕಾಲೇಜು ಹುಡುಗರ ಮೇಲೆ ಒಂದು ಪ್ರಯೋಗ ಮಾಡಿದರು. ಎಲ್ಲರಿಗೂ ಒಂದು ಗದ್ಯ ಓದಲು ಕೊಟ್ಟರು. ಆಮೇಲೆ ಕೆಲವರು ಅದನ್ನೇ ಮತ್ತೆ ಓದಿದರು, ಕೆಲವರು ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆದರು. ಐದು ನಿಮಿಷ ಬಿಟ್ಟು ಕೇಳಿದರೆ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದರೆ ನೆನಪಿನಿಂದ ಬರೆದವರು ಮುಂದೆ. ನಿಮ್ಮ ಕ್ಲಾಸಿನಲ್ಲಿ ಆದದ್ದೂ ಇದೇ. ಆ ದಿನ ಐದು ಲೆಕ್ಕ ನೀವು ಬಿಡಿಸಿದಿರಿ, ಅವರು ನೋಡಿ ಬರೆದುಕೊಂಡರು. ತಲೆಯಿಂದ ತೆಗೆಯುವ ಕೆಲಸ ಅವರಿಗೆ ಸಿಗಲೇ ಇಲ್ಲ.

ನಾನು ಪ್ರತಿ ಪೀರಿಯಡ್ಡಿನ ಮೊದಲ ಐದು ನಿಮಿಷ ಮೂರು ಪ್ರಶ್ನೆ ಕೇಳುತ್ತೇನೆ. ಒಂದು ನಿನ್ನೆಯದು, ಒಂದು ಹೋದ ವಾರದ್ದು, ಒಂದು ಹೋದ ತಿಂಗಳಿನದು. ಅಂಕ ಇಲ್ಲ, ಬೈಯುವುದಿಲ್ಲ. ಎಲ್ಲರ ಹತ್ತಿರವೂ ಸ್ಲೇಟು ಇದೆ, ಬರೆದು "ಎತ್ತಿ" ಅಂದರೆ ಒಟ್ಟಿಗೆ ಎತ್ತಬೇಕು. ಒಂದೇ ನೋಟಕ್ಕೆ ಇಡೀ ಕ್ಲಾಸು ಗೊತ್ತಾಗುತ್ತದೆ. ಬಾಯಲ್ಲಿ ಉತ್ತರ ಹೇಳಿಸಿದರೆ ಮುಂದಿನ ಬೆಂಚಿನ ನಾಲ್ಕು ಮಕ್ಕಳದ್ದೇ ಗೊತ್ತಾಗುವುದು, ಉಳಿದವರು ಅವರ ದನಿಯ ಹಿಂದೆ ಅಡಗಿಕೊಳ್ಳುತ್ತಾರೆ. ಸ್ಲೇಟಿನ ಹಿಂದೆ ಅಡಗಲು ಆಗಲ್ಲ. ಒಂದೇ ಎಚ್ಚರ: ತಪ್ಪು ಬರೆದವರನ್ನು ನೋಡಿ ಯಾರಾದರೂ ನಕ್ಕರೆ ಆ ನಗುವನ್ನು ಅವತ್ತೇ ನಿಲ್ಲಿಸಬೇಕು. ಒಂದು ಸಲ ನಗು ಬಿದ್ದರೆ ಆಮೇಲೆ ಎಲ್ಲರೂ ಪಕ್ಕದವರ ಸ್ಲೇಟು ನೋಡಿ ಬರೆಯುತ್ತಾರೆ.

ತಾಂಡಾದ_ಹುಡುಗ:

ನಾನು ಟೀಚರ್ ಅಲ್ಲ. ಕಲಿತವನಾಗಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗಬಹುದು.

ವಿಜಯಪುರ ಜಿಲ್ಲೆಯ ತಾಂಡಾದವನು ನಾನು. ಮನೆಯಲ್ಲಿ ಲಂಬಾಣಿ. ಒಂದನೇ ಕ್ಲಾಸಿಗೆ ಹೋದಾಗ ನನಗೆ ಪಾಣಿ ಗೊತ್ತಿತ್ತು, ನೀರು ಗೊತ್ತಿರಲಿಲ್ಲ. ಬಾಟಿ ಗೊತ್ತಿತ್ತು, ರೊಟ್ಟಿ ಗೊತ್ತಿರಲಿಲ್ಲ. ಅಮ್ಮ ಅಂದರೆ ನಮಗೆ ಯಾಡಿ. ಪುಸ್ತಕದ ಚಿತ್ರ ತೋರಿಸಿ ಇದೇನು ಅಂತ ಕೇಳಿದರೆ ನನಗೆ ಉತ್ತರ ಗೊತ್ತಿತ್ತು, ಆದರೆ ಆ ಉತ್ತರ ಅಲ್ಲಿ ನಡೆಯುತ್ತಿರಲಿಲ್ಲ. ಹಾಗಾಗಿ ಸುಮ್ಮನೆ ಇರುತ್ತಿದ್ದೆ, ದಡ್ಡ ಅನ್ನಿಸಿಕೊಂಡೆ.

ನಾಲ್ಕನೇ ಕ್ಲಾಸಿನಲ್ಲಿ ದೀಪಾವಳಿ ಮುಗಿಸಿ ಅಪ್ಪ ಯಾಡಿ ಜೊತೆ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋದೆ. ತಿರುಗಿ ಬಂದಾಗ ಕ್ಲಾಸಿನಲ್ಲಿ ಭಾಗಾಕಾರ ನಡೆಯುತ್ತಿತ್ತು. ನನಗೆ ಏನೂ ತಲೆಗೆ ಹೋಗುತ್ತಿರಲಿಲ್ಲ. ನೀನು ಎಲ್ಲಿ ಬಿಟ್ಟಿದ್ದೆ ಅಂತ ಯಾರೂ ಕೇಳಲಿಲ್ಲ.

ಮುಂದಿನ ವರ್ಷ ಹೊಸ ಮಾಸ್ತರರು ಬಂದರು. ಊಟದ ಹೊತ್ತಿನಲ್ಲಿ ನನ್ನನ್ನು ಕಟ್ಟೆ ಮೇಲೆ ಕೂರಿಸಿಕೊಂಡು ಚಿಕ್ಕ ಚಿಕ್ಕ ಲೆಕ್ಕ ಕೊಡುತ್ತಾ ಹೋದರು. ಕೂಡುವುದು ಬಂತು. ಕಳೆಯುವುದೂ ಬಂತು. 52ರಲ್ಲಿ 37 ಕಳಿ ಅಂದರು. ನಾನು 25 ಬರೆದೆ. ಐದರಲ್ಲಿ ಮೂರು ಹೋದರೆ ಎರಡು, ಏಳರಲ್ಲಿ ಎರಡು ಹೋದರೆ ಐದು. ಅವರು ತಪ್ಪು ಅನ್ನಲಿಲ್ಲ, "ಹೆಂಗ್ ಮಾಡಿದಿ, ಹೇಳು" ಅಂದರು. ನಾನು ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ ಎದ್ದು ಹೋಗಿ ಜೋಳದ ದಂಟು ತಂದು ಸಣ್ಣಗೆ ಮುರಿದು, ಹತ್ತು ಹತ್ತು ಕಡ್ಡಿಯ ಐದು ಕಟ್ಟು ಕಟ್ಟಿ, ಎರಡು ಬಿಡಿ ಕಡ್ಡಿ ಪಕ್ಕಕ್ಕಿಟ್ಟರು. "ಇದರಾಗ 37 ನನಗ ಕೊಡು" ಅಂದರು. ಮೂರು ಕಟ್ಟು ಕೊಟ್ಟೆ. ಏಳು ಬಿಡಿ ಬೇಕು, ನನ್ನ ಹತ್ತಿರ ಎರಡೇ. ಬಹಳ ಹೊತ್ತು ನೋಡಿದೆ. ಆಮೇಲೆ ನಾನೇ ಒಂದು ಕಟ್ಟಿನ ದಾರ ಬಿಚ್ಚಿದೆ. ಆ ದಾರ ಬಿಚ್ಚಿದ್ದು ನನಗೆ ಇವತ್ತಿಗೂ ಕೈಯಲ್ಲಿ ನೆನಪಿದೆ. ಅವರು ಹತ್ತು ಪದ ಲಂಬಾಣಿಯನ್ನೂ ನನ್ನಿಂದ ಕಲಿತರು, ಕ್ಲಾಸಿನಲ್ಲಿ ಒಂದು ಸಲ "ಬಾಟಿ" ಅಂದಾಗ ನಾವು ಐದಾರು ತಾಂಡಾ ಹುಡುಗರು ಒಬ್ಬರನ್ನೊಬ್ಬರು ನೋಡಿಕೊಂಡೆವು.

ಟೀಚರ್, ನಿಮ್ಮ 34 ಮಕ್ಕಳಲ್ಲಿ 2/5 ಬರೆದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು "ಹೆಂಗ್ ಮಾಡಿದಿ" ಅಂತ ಕೇಳಿ. ಬೈಯುವ ದನಿಯಲ್ಲಿ ಅಲ್ಲ, ನಿಜವಾಗಿ ತಿಳಿದುಕೊಳ್ಳುವ ದನಿಯಲ್ಲಿ. ಮಕ್ಕಳಿಗೆ ಆ ವ್ಯತ್ಯಾಸ ಗೊತ್ತಾಗುತ್ತದೆ.

ಬೋರ್ಡ್_ಬಳಪ:

ಮೇಷ್ಟ್ರೇ, ಚೀಟಿ ಕೊಟ್ಟೆ. ನಾನು ಅಂದುಕೊಂಡಿದ್ದು x ಅಂದರೆ ಹೆದರುತ್ತಾರೆ ಅಂತ. x ಕಷ್ಟವೇ ಆಗಿಲ್ಲ. ಬಹಳ ಜನ 2x/5 = 5 ಅಂತ ಬರೆದಿದ್ದಾರೆ, ಅಲ್ಲಿಂದ ಮುಂದೆ ಎಲ್ಲ ಹೆಜ್ಜೆ ಸರಿಯಾಗಿಯೇ ಮಾಡಿದ್ದಾರೆ. ಅದೇ 2/5. ಆರನೇ ಕ್ಲಾಸಿನಿಂದ ಹತ್ತನೆಯದಕ್ಕೆ ಹೊತ್ತುಕೊಂಡು ಬಂದಿದ್ದಾರೆ. ಇಷ್ಟು ದಿನ ನಾನು ಸಮೀಕರಣದ ಹೆಜ್ಜೆಗಳನ್ನೇ ಮತ್ತೆ ಮತ್ತೆ ಹೇಳಿಕೊಡುತ್ತಿದ್ದೆ. ಶನಿವಾರ ಎರಡು ಪೀರಿಯಡ್ ಇಟ್ಟುಕೊಂಡು ಪಟ್ಟಿ ಮಡಚಿಸುತ್ತೇನೆ. ಆದರೂ ಒಂದು ಮಾತು, ಪೋರ್ಷನ್ ಕಡಿಮೆ ಮಾಡದೆ ಇದೆಲ್ಲ ಟೀಚರ್ ತಲೆ ಮೇಲೇ ಹಾಕುವುದು ಸರಿಯಲ್ಲ, ಅದನ್ನು ಮೇಲಿನವರೂ ನೋಡಬೇಕು.

ಕೊಪ್ಪಳದ_ಟೀಚರ್:

ಎಲ್ಲರಿಗೂ ಧನ್ಯವಾದ. ಇವತ್ತು ಮಾಡಿದೆ.

ರೊಟ್ಟಿ ಪ್ರಶ್ನೆ ಕೇಳಿ, 2/5 ತೋರಿಸಿ, ಮನಸ್ಸಿನಲ್ಲೇ ಎಣಿಸುತ್ತಾ ನಿಂತೆ. ಮೂರು ದಾಟಿತು, ಐದು ದಾಟಿತು, ನನಗೇ ಎದೆ ಹೊಡೆದುಕೊಳ್ಳುತ್ತಿತ್ತು. ಕಿಟಕಿ ಪಕ್ಕ ಕೂರುವ ಒಬ್ಬ ಹುಡುಗ, ಈ ವರ್ಷ ಬಾಯಿ ಬಿಟ್ಟವನೇ ಅಲ್ಲ, "ಟೀಚರ್, ಅರ್ಧ ರೊಟ್ಟಿ ತಿಂದ ಮ್ಯಾಲೆ ಮತ್ತ ತಿಂದ್ರ ಹೆಂಗ್ ಕಡಿಮಿ ಆಕ್ಕೈತ್ರೀ?" ಅಂದ. ಅಲ್ಲಿಂದ ಕ್ಲಾಸು ನನ್ನ ಕೈಯಲ್ಲಿ ಇರಲಿಲ್ಲ, ಅವರವರೇ ವಾದ ಮಾಡಿಕೊಂಡರು.

ಪಟ್ಟಿಯಲ್ಲಿ ಒಂದು ತೊಂದರೆ ಆಯಿತು. ಅರ್ಧಕ್ಕೆ ಮಡಚುವುದು ಎಲ್ಲರಿಗೂ ಬರುತ್ತದೆ, ಮೂರಾಗಿ ಮಡಚಿದರೆ ಒಂದು ತುಂಡು ದೊಡ್ಡದು ಒಂದು ಚಿಕ್ಕದು. ಒಬ್ಬಳು ಪಟ್ಟಿ ಹಿಡಿದುಕೊಂಡು ಬಂದು "ನಂದು ಐದು ಮನಿ ತುಂಬಿದ್ರೂ ಉಳಿದ ಮನಿ ಭಾಳ ದೊಡ್ಡದೈತ್ರೀ" ಅಂತ ತೋರಿಸಿದಳು. ಅವಳು ಹೇಳಿದ್ದು ಸರಿ, ತುಂಡು ಸಮ ಇರಲಿಲ್ಲ. ಇದಕ್ಕೆ ಏನು ಮಾಡಲಿ ಮೇಷ್ಟ್ರೇ? ಮತ್ತೆ ತಾಂಡಾದ ಹುಡುಗ ಅವರಿಗೆ, ನನ್ನ ಕ್ಲಾಸಿನಲ್ಲೂ ಮೂವರು ತಾಂಡಾ ಮಕ್ಕಳಿದ್ದಾರೆ. ನಾಳೆ ಬಾಟಿ ಅಂತಲೇ ಹೇಳುತ್ತೇನೆ.

ಹಳೇ_ಗಣಿತ_ಮೇಷ್ಟ್ರು:

ಆ ಹುಡುಗಿ ಸಮ ಇಲ್ಲ ಅಂತ ಕಂಡುಹಿಡಿದಳಲ್ಲ ಮೇಡಂ, ಬಹಳ ಸಂತೋಷ ಆಯಿತು. ಛೇದ ಅಂದರೆ ಸಮ ತುಂಡು ಅಂತ ಅವಳಿಗೆ ಗೊತ್ತಾಗಿದೆ.

ಮಡಚುವುದು ಬಿಡಿ. ಗೆರೆ ಹಾಳೆಯ ನೋಟ್‌ಬುಕ್ಕು ಎಲ್ಲರ ಹತ್ತಿರ ಇರುತ್ತದೆ. ಎರಡು ಗೆರೆಯ ನಡುವೆ ಒಂದು ಮನೆ, ಅಂಥ 12 ಮನೆ ಉದ್ದದ ಪಟ್ಟಿ ಕತ್ತರಿಸಿಕೊಳ್ಳಲಿ. ಅರ್ಧ ಅಂದರೆ 6 ಮನೆ, ಮೂರರಲ್ಲಿ ಒಂದು 4, ಕಾಲು 3, ಎಲ್ಲ ತಾನಾಗೇ ಸಮ. ಎರಡು ದಿನ ಅದರಲ್ಲೇ ಆಡಲಿ. ಆಮೇಲೆ 1/4 + 1/5 ಕೊಡಿ. 12 ಮನೆಯ ಪಟ್ಟಿಯಲ್ಲಿ ಐದರಲ್ಲಿ ಒಂದು ಸಿಗುವುದಿಲ್ಲ, ಸಿಕ್ಕಿಹಾಕಿಕೊಳ್ಳುತ್ತಾರೆ. ಎಷ್ಟು ಮನೆಯ ಪಟ್ಟಿ ಬೇಕು ಅಂತ ನೀವು ಹೇಳಬೇಡಿ, ಅವರೇ ಹುಡುಕಲಿ. 20 ಅಂತ ಯಾರಾದರೂ ಕಂಡುಕೊಂಡ ದಿನ ಬೋರ್ಡಿನ ಮೇಲೆ ಲ.ಸಾ.ಅ. ಅಂತ ಬರೆಯಿರಿ.